ಹತ್ತು ಸಸಿ ಸೇರಿದರೆ ಒಂದು ಮರವೇ?

ಚಿಂತಾಮಣಿ ಕಡೆಯ ರಸ್ತೆಯೊಂದರ ಅಗಲೀಕರಣಕ್ಕಾಗಿ ಉರುಳಿಸಿದ್ದ ಹುಣಸೆ ಮರದ ಬಳಿ ಈಚೆಗೆ ಕೆಲಹೊತ್ತು ನಿಂತಿದ್ದೆ. ಕೊಯ್ದ ಮುಖದಲ್ಲಿ ಹೊರಗೆ ಮಾಸಲು ಹಳದಿ, ನಡುವೆ ಕಡು ಕಂದು. ಲೆಕ್ಕ ಬರೆದುಕೊಳ್ಳುತ್ತಿದ್ದವರು, ‘ಯೋಚನೆ ಬೇಡಿ ಸಾರ್, ಒಂದಕ್ಕೆ ಹತ್ತು ಸಸಿ ನೆಡುತ್ತೇವೆ’ ಎಂದು ಸಮಾಧಾನ ಹೇಳಿದರು. ಈ ಲೆಕ್ಕ ಸರಿಯೇ? ಉತ್ತರ, ಮರ ದಪ್ಪವಾಗುವ ಬಗೆಯಲ್ಲಿದೆ.

ಮರ ಎತ್ತರಕ್ಕೆ ಬೆಳೆಯುವುದು ತುದಿಗಳಲ್ಲಿ ಮಾತ್ರ. ಹುಡುಗರಾಗಿದ್ದಾಗ ನಾವು ಕಾಂಡಕ್ಕೆ ಹೊಡೆದ ಮೊಳೆ ಐವತ್ತು ವರ್ಷಗಳ ಬಳಿಕವೂ ಅದೇ ಎತ್ತರದಲ್ಲಿರುತ್ತದೆ. ಆದರೆ ಮರದೊಳಗೆ ಹೂತುಹೋಗಿರುತ್ತದೆ. ಕಾಂಡವನ್ನು ದಪ್ಪವಾಗಿಸುವುದು ತೊಗಟೆಗೂ ಕಟ್ಟಿಗೆಗೂ ನಡುವೆ ಇರುವ ತೆಳುವಾದ ಜೀವಂತ ಪೊರೆ. ಸಸ್ಯವಿಜ್ಞಾನ ಇದನ್ನು ಕೇಂಬಿಯಂ ಎನ್ನುತ್ತದೆ. ಇದರ ಕೋಶಗಳು ವಿಭಜನೆಗೊಳ್ಳುತ್ತ, ಎಲೆಗಳಲ್ಲಿ ತಯಾರಾದ ಸಕ್ಕರೆಯನ್ನು ಸಾಗಿಸುವ ಒಳತೊಗಟೆಯನ್ನು ಹೊರಬದಿಗೂ, ಬೇರಿನ ನೀರನ್ನು ಮೇಲೇರಿಸುವ ಕಟ್ಟಿಗೆಯನ್ನು ಒಳಬದಿಗೂ ಕಟ್ಟುತ್ತವೆ. ಹಳೆಯ ಪದರಗಳು ಕ್ರಮೇಣ ನೀರು ಸಾಗಿಸುವುದನ್ನು ನಿಲ್ಲಿಸಿ, ಬಣ್ಣದ ದ್ರವ್ಯಗಳನ್ನು ತುಂಬಿಕೊಂಡು ಚೇಗಾಗುತ್ತವೆ. ನಾನು ಕಂಡ ಕಡು ಕಂದು ಅದೇ. ಕಾಂಡದ ಸುತ್ತ ತೊಗಟೆ ಸುಲಿದರೆ ಬೇರಿಗೆ ಆಹಾರ ತಪ್ಪಿ ಮರ ಸಾಯುವುದೂ ಇದೇ ಕಾರಣಕ್ಕೆ.

ಮಳೆ ಚೆನ್ನಾದ ವರ್ಷ ಪದರ ದಪ್ಪ, ಬರದ ವರ್ಷ ತೆಳು. ತೇಗದಲ್ಲಿ ಇದು ಉಂಗುರವಾಗಿ ಸ್ಪಷ್ಟವಾಗಿ ಕಾಣುತ್ತದೆ. ಹುಣಸೆಯಲ್ಲಿ ಅಷ್ಟು ಸ್ಪಷ್ಟವಲ್ಲ. ಆದರೂ ಬರಕ್ಕೆ ಒಗ್ಗಿಹೋದ ನಮ್ಮ ಸೀಮೆಯಲ್ಲಿ ಮರವೊಂದು ಮೈ ತುಂಬಿಕೊಳ್ಳಲು ಎಷ್ಟು ಕಾಲ ಬೇಕೆಂಬುದನ್ನು ಊಹಿಸಬಹುದು.

ಆ ಕಾಲವನ್ನು ಕೊಡದಿದ್ದರೆ ಏನಾಗುತ್ತದೆಂಬುದಕ್ಕೆ ಸಾಕ್ಷಿಯೂ ನಮ್ಮಲ್ಲೇ ಇದೆ. ಟಿಪ್ಪುವಿನ ಕಾಲದಲ್ಲಿ, ಸುಮಾರು 1790ರಲ್ಲಿ, ನಂದಿಬೆಟ್ಟದ ತೋಟಕ್ಕೆ ನೀಲಗಿರಿ ಬಂತು. ಅದರ ಸಂತತಿಯೇ ‘ಮೈಸೂರು ಗಮ್’ ಎಂಬ ಹೆಸರಿನಲ್ಲಿ ಬಯಲಿಗಿಳಿಯಿತು. ಬೆಟ್ಟದ ಮೇಲಿನ ಹಳೆಯ ನೀಲಗಿರಿಗಳನ್ನು ತಲೆಯೆತ್ತಿ ನೋಡಬೇಕು. ಗೌರಿಬಿದನೂರು, ಚಿಂತಾಮಣಿಯ ಹೊಲಗಳಲ್ಲಿ ಕೆಲವೇ ವರ್ಷಗಳಿಗೊಮ್ಮೆ ಕಡಿಸಿಕೊಂಡ ಅದೇ ಮರ ಕಂಬದ ಗಾತ್ರ ದಾಟಲಿಲ್ಲ. ಅಂತರ್ಜಲದ ಚಿಂತೆಯಿಂದ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಶಿಡ್ಲಘಟ್ಟದ ಹಿಪ್ಪುನೇರಳೆಯೂ ಹಾಗೆಯೇ: ರೇಷ್ಮೆಹುಳುವಿಗಾಗಿ ಮತ್ತೆಮತ್ತೆ ಕತ್ತರಿಸಿದರೆ ಕಡ್ಡಿ, ಬಿಟ್ಟರೆ ಮರ.

ಈಗ ಹತ್ತು ಸಸಿಗಳ ಲೆಕ್ಕಕ್ಕೆ ಬರೋಣ. ಮೂರು ಮೀಟರ್ ಸುತ್ತಳತೆಯ ಹುಣಸೆ ವರ್ಷಕ್ಕೆ ಎರಡು ಮಿಲಿಮೀಟರ್ ಪದರ ಹಾಕಿತೆನ್ನಿ. ಕಾಂಡದ ಅಡ್ಡಕೊಯ್ತಕ್ಕೆ ಸುಮಾರು 60 ಚದರ ಸೆಂಟಿಮೀಟರ್ ಸೇರಿತು. ಹತ್ತು ಸೆಂಟಿಮೀಟರ್ ಸುತ್ತಳತೆಯ ಸಸಿ ಅಷ್ಟೇ ದಪ್ಪದ ಪದರ ಹಾಕಿದರೂ ಸೇರುವುದು ಎರಡೇ ಚದರ ಸೆಂಟಿಮೀಟರ್. ಅಂದರೆ ಒಂದಕ್ಕೆ ಮೂವತ್ತು ಬೇಕು, ಮೂವತ್ತೂ ಬದುಕಬೇಕು. ಎತ್ತರವನ್ನೂ ಸೇರಿಸಿದರೆ ಅಂತರ ಇನ್ನೂ ಹಿಗ್ಗುತ್ತದೆ. 403 ಮರಜಾತಿಗಳನ್ನು ಪರಿಶೀಲಿಸಿ 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೂ, ಬಹುಪಾಲು ಜಾತಿಗಳಲ್ಲಿ ಮರ ದೊಡ್ಡದಾದಷ್ಟೂ ವರ್ಷಕ್ಕೆ ಕೂಡಿಸಿಕೊಳ್ಳುವ ತೂಕ ಹೆಚ್ಚುತ್ತದೆ ಎಂದಿತು. ಹಳೆಯ ಮರ ದುಡಿದು ದಣಿದ ಮರವಲ್ಲ.

ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದ ಪುರಾತನ ಅಶ್ವತ್ಥ 2001ರಲ್ಲಿ ಉರುಳಿತು. ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ 1938ರ ಪದರವೂ ಅದರ ಮೈಯೊಳಗೆ ಎಲ್ಲೋ ಇದ್ದಿರಬೇಕು. ಅದು ತಾನಾಗಿ ಬಿತ್ತು. ರಸ್ತೆಬದಿಯ ಮರಗಳನ್ನು ಬೀಳಿಸುತ್ತಿರುವವರು ನಾವು.

ರಸ್ತೆ ಬೇಡವೆನ್ನುತ್ತಿಲ್ಲ. ನಕ್ಷೆ ಬರೆಯುವಾಗಲೇ ಮರಗಳನ್ನು ಗುರುತಿಸಿ, ಸಾಧ್ಯವಿರುವಲ್ಲಿ ಅವುಗಳನ್ನು ನಡುವೆ ಬಿಟ್ಟು ರಸ್ತೆ ಮಾಡಲಿ; ಬುಡದ ಸುತ್ತ ಸಿಮೆಂಟು ಸುರಿಯದಿರಲಿ. ಕಡಿಯಲೇಬೇಕಾದರೆ ಮರಗಳ ಸಂಖ್ಯೆಯ ಜೊತೆಗೆ ಸುತ್ತಳತೆಯನ್ನೂ ಕಡತದಲ್ಲಿ ಬರೆಯಲಿ. ಆಗ ನಾವು ಕಳೆದುಕೊಳ್ಳುತ್ತಿರುವುದು ಎಷ್ಟು ಕಾಲ ಎಂಬುದಾದರೂ ತಿಳಿದೀತು.