ಬೋರ್ಡು ದೀಪ ಆರಿಸಿ, ಕೃತ್ತಿಕೆ ಎಣಿಸಿ

ಭರಣಿ, ಕೃತ್ತಿಕೆ, ರೋಹಿಣಿ ಎಂದರೆ ನಮ್ಮ ರೈತನಿಗೆ ಮಳೆಯ ಹೆಸರು. ಯಾವ ಮಳೆಗೆ ಯಾವ ಬಿತ್ತನೆ ಅಂತ ಕೇಳಿ, ಥಟ್ಟನೆ ಹೇಳ್ತಾನೆ. ಅದೇ ಕೃತ್ತಿಕೆಯನ್ನು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಆಕಾಶದಲ್ಲಿ ತೋರಿಸಪ್ಪಾ ಎಂದರೆ? ಕಷ್ಟ. ಊರ ದೀಪ ಚುಕ್ಕಿಗಳನ್ನೇ ನುಂಗಿದೆ.

ಲಡಾಖಿನ ಹಾನ್ಲೆಯ ಸಮಾಚಾರ ಕೇಳಿ. ಸುಮಾರು 4,500 ಮೀಟರ್ ಎತ್ತರದ ಅಲ್ಲಿನ ಬೆಟ್ಟದ ಮೇಲೆ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ 2 ಮೀಟರ್ ದೂರದರ್ಶಕವಿದೆ. ಅದನ್ನು ನಡೆಸೋದು ನಮ್ಮ ಹೊಸಕೋಟೆಯಲ್ಲಿ ಕೂತು! 2022ರ ಡಿಸೆಂಬರಿನಲ್ಲಿ ಸುತ್ತಲಿನ 1,073 ಚದರ ಕಿ.ಮೀ. ಜಾಗ ‘ಕತ್ತಲ ಆಕಾಶ’ದ ರಕ್ಷಿತ ತಾಣವಾಯಿತು, ದೇಶಕ್ಕೇ ಮೊದಲನೆಯದು. ಹಳ್ಳಿಯ 24 ಮಂದಿ, ಹೆಣ್ಣುಮಕ್ಕಳೂ ಸೇರಿ, ತರಬೇತಿ ಪಡೆದು ಬಂದವರಿಗೆಲ್ಲ ಗ್ರಹ, ನಕ್ಷತ್ರ ತೋರಿಸ್ತಾರೆ. ಬೆಳಕು ಹೊರಗೆ ಚೆಲ್ಲದಂತೆ ಮನೆಯವರು ಕಿಟಕಿಗೆ ಪರದೆ ಎಳೀತಾರೆ.

ನಮಗೆ ಅಷ್ಟು ಎತ್ತರ ಬೇಡ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ರಾತ್ರಿ ಬಸ್ಸಿನವರು ಹೊಲದ ನಡುವೆ ಕಿಟಕಿಯಿಂದ ಇಣುಕಿದರೆ ಚುಕ್ಕಿ ಇನ್ನೂ ಕಾಣುತ್ತೆ. ಊರು ಬಂತೋ, ಮಾಯ!

ಅಂಗಡಿ ಮಾಲೀಕರೇ, ಷಟರ್ ಎಳೆದ ಮೇಲೆ ಬೋರ್ಡು ದೀಪ ಯಾರಿಗಾಗಿ? ಆರಿಸಿದರೆ ಕರೆಂಟ್ ಬಿಲ್ಲೂ ಇಳೀತದೆ. ಬೀದಿದೀಪಕ್ಕೊಂದು ಟೋಪಿ ಹಾಕಿದರೆ ಬೆಳಕು ಮೇಲೆ ಹೋಗದೆ ರಸ್ತೆಗೇ ಬೀಳುತ್ತೆ. ಅದು ಊರಿನ ಆಡಳಿತದವರ ಕೆಲಸ.

ಮಿಕ್ಕದ್ದಕ್ಕೆ ಒಬ್ಬ ಮೇಷ್ಟ್ರು, ನಾಲ್ಕು ಹುಡುಗರು, ಒಂದು ಬೈನಾಕ್ಯುಲರ್ ಸಾಕು. ಕಾರ್ತಿಕದ ಹುಣ್ಣಿಮೆ ಕಳೆದು ವಾರಕ್ಕೆ, ಚಂದ್ರ ಏಳೋ ಮುಂಚೆ, ಪೂರ್ವಕ್ಕೆ ನೋಡಿ. ಗೊಂಚಲಿನಂತೆ ಕಾಣೋದೇ ಕೃತ್ತಿಕೆ. ಬರಿಗಣ್ಣಿಗೆ ಆರು ಚುಕ್ಕಿ ಸಿಕ್ಕರೆ ನಿಮ್ಮ ಬೀದಿ ಪಾಸು!