ಪತ್ರಿಕೆಯ ಮೇಜಿನಿಂದ ಸರ್ಕಾರದ ಮೇಜಿಗೆ



ನಿಮ್ಮೂರ ವಾಚನಾಲಯದ ಪತ್ರಿಕೆಗೂ ಬಾನುಲಿಗೂ ಭದ್ರಾವತಿಯ ನಂಟುಂಟು. 1936ರಲ್ಲಿ ಸ್ಥಾಪನೆಯಾದ ಅಲ್ಲಿನ ಮೈಸೂರು ಕಾಗದ ಕಾರ್ಖಾನೆಯಲ್ಲಿ 1980ರ ದಶಕದಿಂದ ಪತ್ರಿಕೆ ಅಚ್ಚಾಗುವ ಕಾಗದ ತಯಾರಾಯಿತು. ಆ ಯಂತ್ರಗಳು ಈಗ ನಿಂತಿವೆ. ಅದೇ ಊರಿನಲ್ಲಿ 1965ರಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಶಿವಮೊಗ್ಗ ಸೀಮೆಯ ಅಡಿಕೆ ತೋಟಕ್ಕೂ ಭದ್ರಾ ನಾಲೆಯ ಗದ್ದೆಗೂ ಕೃಷಿ ಮಾತು ತಲುಪಿದ್ದು ಅಲ್ಲಿಂದಲೇ. ಪತ್ರಿಕೆಯ ಮಾತು ಒಂದು, ಸರ್ಕಾರದ ಮಾತು ಇನ್ನೊಂದು. ಎರಡೂ ನಿಮಗೆ ಬೇಕು.

ಪತ್ರಿಕೆಯಲ್ಲಿ ದುಡಿದು ಸರ್ಕಾರದ ಪ್ರಚಾರದ ಕೆಲಸಕ್ಕೆ ಸೇರುವವರು ಉಂಟು. ಜಿಲ್ಲಾ ಕೇಂದ್ರದ ವಾರ್ತಾ ಕಚೇರಿಯಿಂದ ದೆಹಲಿಯ ತನಕ ಅಂಥವರ ಲೇಖನಿ ಓಡುತ್ತದೆ. ಹಾಗೆ ದಾಟಿದವನು ಏನನ್ನು ಒಯ್ಯಬೇಕು, ಏನನ್ನು ಬಿಡಬಾರದು? ಈ ದಾರಿಯಲ್ಲಿ ಎಲ್ಲರಿಗಿಂತ ದೂರ ನಡೆದ ಕನ್ನಡಿಗರೊಬ್ಬರ ಬಾಳನ್ನು ನೋಡೋಣ.

ಜೈಲಿನಿಂದ ಪ್ರಧಾನಿಯ ಕಚೇರಿಗೆ

ಎಚ್.ವೈ. ಶಾರದಾ ಪ್ರಸಾದ್ ಹುಟ್ಟಿದ್ದು 1924ರಲ್ಲಿ, ಬೆಂಗಳೂರಿನಲ್ಲಿ. ತಂದೆ ಹೊಳೆನರಸೀಪುರದ ಯೋಗಾನರಸಿಂಹಂ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದುತ್ತಿದ್ದಾಗ 1942ರ ಚಳವಳಿ ಬಂತು. ಹುಡುಗ ಸರ್ಕಾರದ ವಿರುದ್ಧ ನಿಂತು ಜೈಲಿಗೆ ಹೋದ. ಅಲ್ಲಿ ದಿನಚರಿ ಬರೆದ.

ಬಿಡುಗಡೆಯ ನಂತರ ಮುಂಬಯಿಯಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಸೇರಿದರು. 1955ರಲ್ಲಿ ಪತ್ರಕರ್ತರಿಗೆ ಕೊಡುವ ನೀಮನ್ ವ್ಯಾಸಂಗ ವೇತನದ ಮೇಲೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಿ ಬಂದರು. ಪಂಚವಾರ್ಷಿಕ ಯೋಜನೆಗಳ ವಿಚಾರವನ್ನು ಜನರಿಗೆ ತಿಳಿಸಲು 1957ರಲ್ಲಿ ಆರಂಭವಾದ 'ಯೋಜನಾ' ಪತ್ರಿಕೆಗೆ ಸೇರಿ, ಮುಂದೆ ಅದರ ಸಂಪಾದಕರಾದರು. ಸರ್ಕಾರದ ಮೇಜಿಗೆ ಅವರು ಬಂದದ್ದು ಹೀಗೆ. 1966ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ಕಚೇರಿ ಸೇರಿ, ಅವರ ವಾರ್ತಾ ಸಲಹೆಗಾರರಾಗಿ ಭಾಷಣಗಳನ್ನು ಸಿದ್ಧಪಡಿಸುವ ಹೊಣೆ ಹೊತ್ತರು. ರಾಜೀವ್ ಗಾಂಧಿಯವರ ಕಾಲದಲ್ಲೂ ಆ ಸೇವೆ ನಡೆಯಿತು.

ಒಂದು ಮಾತನ್ನು ಮರೆಮಾಚುವಂತಿಲ್ಲ. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಗಿ ಪತ್ರಿಕೆಗಳ ಮೇಲೆ ಸೆನ್ಸಾರ್ ಬಿತ್ತು. ಒಂದು ಕಾಲಕ್ಕೆ ಸ್ವಾತಂತ್ರ್ಯಕ್ಕಾಗಿ ಜೈಲು ಕಂಡ ಈ ಪತ್ರಕರ್ತ ಆಗ ಅದೇ ಸರ್ಕಾರದ ಕಚೇರಿಯಲ್ಲಿದ್ದರು. ಸರ್ಕಾರದ ಮೇಜಿಗೆ ಹೋದ ಪತ್ರಕರ್ತನಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಅದನ್ನು ಹೇಗೆ ಅಳೆಯಬೇಕೆಂಬುದು ನಿಮಗೇ ಬಿಟ್ಟದ್ದು.

ಪ್ರಧಾನಿಯ ಪಕ್ಕದಲ್ಲಿ ಅಷ್ಟು ವರ್ಷ ಕುಳಿತವರು ಒಳಗಿನ ಕಥೆ ಬರೆದು ಹೆಸರು ಮಾಡಬಹುದಿತ್ತು. ಅವರು ಬರೆಯಲಿಲ್ಲ. 2003ರಲ್ಲಿ ಬಂದ ಅವರ ಪ್ರಬಂಧ ಸಂಕಲನದ ಹೆಸರೇ 'ನಾನು ಬರೆಯದಿರುವ ಪುಸ್ತಕ' ಎಂಬ ಅರ್ಥದ್ದು. ಕನ್ನಡವನ್ನು ಮಾತ್ರ ಮರೆಯಲಿಲ್ಲ. ಶಿವರಾಮ ಕಾರಂತರ ಕೃತಿಗಳನ್ನು ಇಂಗ್ಲಿಷಿಗೆ ತಂದರು. 2000ದಲ್ಲಿ ಪದ್ಮಭೂಷಣ ಬಂತು. 2008ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ತೀರಿಕೊಂಡರು.

ನಮ್ಮ ಹೊಲಕ್ಕೂ ಇದಕ್ಕೂ ಏನು ಸಂಬಂಧ?

ದೆಹಲಿಯ ಕಥೆ ನಮಗೇಕೆ ಎಂದು ನೀವು ಕೇಳಬಹುದು. ಶಿವಮೊಗ್ಗ ಜಿಲ್ಲೆಯದೇ ಉದಾಹರಣೆ ನೋಡಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ರೈತರು ಸತ್ಯಾಗ್ರಹ ಹೂಡಿದರು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ಹೊಸ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರನಿಗೆ ಭೂಮಿ ಸಿಗಲು ಅವನು 7ನೇ ನಮೂನೆಯಲ್ಲಿ ಅರ್ಜಿ ಕೊಡಬೇಕಿತ್ತು. ಗಡುವು ಹಲವು ಸಲ ಮುಂದೆ ಹೋಗಿ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು.

ಈಗ ಯೋಚಿಸಿ. 'ಹಿತಾಸಕ್ತಿಯುಳ್ಳ ವ್ಯಕ್ತಿಗಳು ಸದರಿ ಅಧಿನಿಯಮದ ಮೇರೆಗೆ ನಿಗದಿತ ನಮೂನೆಯಲ್ಲಿ ಸಲ್ಲಿಸತಕ್ಕದ್ದು' ಎಂದು ಪ್ರಕಟಣೆ ಬರೆದರೆ ಎಷ್ಟು ಗೇಣಿದಾರರಿಗೆ ಅರ್ಥವಾದೀತು? 'ಗೇಣಿ ಮಾಡುವವರು 7ನೇ ನಮೂನೆ ತುಂಬಿ ತಾಲ್ಲೂಕು ಕಚೇರಿಗೆ ಕೊಡಿ, ಕೊನೆಯ ದಿನ ಇಂಥದು' ಎಂದರೆ ಮಗ ಓದಿ ಹೇಳಿದರೂ ಅಪ್ಪನಿಗೆ ತಿಳಿಯುತ್ತದೆ. ಒಂದು ವಾಕ್ಯ ತಿಳಿಯದೆ ಹೋದರೆ ತಲೆಮಾರು ಉತ್ತ ಗದ್ದೆಯೇ ಕೈತಪ್ಪಬಹುದು. ಪತ್ರಕರ್ತ ಸರ್ಕಾರದ ಮೇಜಿಗೆ ಒಯ್ಯಬೇಕಾದದ್ದು ಈ ಸರಳ ಮಾತನ್ನು. ಬಿಡಬಾರದ್ದು ಪ್ರಶ್ನೆ ಕೇಳುವ ಅಭ್ಯಾಸವನ್ನು.

ಓದುಗನ ಕೆಲಸ

ಅವರ ಕೆಲಸ ಅವರಿಗಿರಲಿ, ನಮ್ಮ ಕೆಲಸವೂ ಉಂಟು. ಬೆಳೆ ವಿಮೆಯೋ ಸಹಾಯಧನವೋ, ಸರ್ಕಾರದ ಯಾವುದೇ ಪ್ರಕಟಣೆ ಪತ್ರಿಕೆಯಲ್ಲಿ, ಬಾನುಲಿಯಲ್ಲಿ, ಮೊಬೈಲಿನಲ್ಲಿ ಬಂದಾಗ ನಾಲ್ಕು ಸಂಗತಿಗಳನ್ನು ಹುಡುಕಿರಿ: ಯಾರಿಗೆ ಅನ್ವಯ, ಎಲ್ಲಿ ಅರ್ಜಿ ಕೊಡಬೇಕು, ಯಾವ ಕಾಗದಪತ್ರ ಬೇಕು, ಕೊನೆಯ ದಿನ ಯಾವುದು. ಇವುಗಳಲ್ಲಿ ಒಂದು ಇಲ್ಲದಿದ್ದರೂ ರೈತ ಸಂಪರ್ಕ ಕೇಂದ್ರದಲ್ಲೋ ತಾಲ್ಲೂಕು ಕಚೇರಿಯಲ್ಲೋ ಕೇಳಿರಿ. ಕೇಳುವುದು ನಿಮ್ಮ ಹಕ್ಕು.

ಇನ್ನೊಂದು ಮಾತು. ಸರ್ಕಾರ 'ಕೊಡುತ್ತೇವೆ' ಎಂದದ್ದನ್ನು ಪ್ರಕಟಣೆಯಲ್ಲಿ ಓದಿರಿ. 'ಕೊಟ್ಟಿತೇ' ಎಂಬುದನ್ನು ಪತ್ರಿಕೆಯ ವರದಿಯಲ್ಲಿ ನೋಡಿರಿ. ನಿಮ್ಮ ಊರಿನಲ್ಲೇ ವಿಚಾರಿಸಿರಿ. ಎರಡನ್ನೂ ತೂಗಿ ನೋಡುವ ತಕ್ಕಡಿ ನಿಮ್ಮ ಕೈಯಲ್ಲಿದೆ. ಓದು ಬಾರದ ನೆರೆಯವರಿಗೆ ಇಂದಿನ ಪ್ರಕಟಣೆಯನ್ನು ಓದಿ ಹೇಳಿ ಮನೆಗೆ ಹೋಗಿರಿ.