ಶೇಕಡಾ 94 ಅಂದ್ರೆ ‘ಪಕ್ಕಾ’ ಅಂತಲ್ಲ: ಆಸ್ಕರ್ ಗೆಲ್ಲೋರನ್ನು ಊಹಿಸೋದು ಹೇಗೆ, ನಾನು ಎಡವಿದ್ದೆಲ್ಲಿ

ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಓದ್ತೀವಿ ಅನ್ನೋರಿಗೆ ಇದು ಆ ಮಾತಿನ ಬರಹ ರೂಪ. ಬೋರ್ಡ್ ಮೇಲೆ ಬರೆದ ಲೆಕ್ಕಗಳನ್ನು ಇಲ್ಲಿ ಮಾತಲ್ಲೇ ಹೇಳಿದ್ದೇನೆ.

2023ರ ಮಾರ್ಚ್ 13, ಸೋಮವಾರ. ನಮ್ಮ ಗಡಿಯಾರದಲ್ಲಿ ಬೆಳಗಿನ ಐದೂವರೆಗೆ 95ನೇ ಆಸ್ಕರ್ ಸಮಾರಂಭ ಶುರು. ನಾನು ವಿಶಾಖಪಟ್ಟಣದಲ್ಲಿ, ಮಧುರವಾಡದ ಮನೆಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದೆ. ಊರಿಗೆ ಊರೇ ಕಾಯ್ತಾ ಇದ್ದದ್ದು ಒಂದೇ ಪ್ರಶಸ್ತಿಗೆ, ‘ನಾಟು ನಾಟು’. ಆರ್‌ಆರ್‌ಆರ್ ಅಂದ್ರೆ ಇಲ್ಲಿಯವರಿಗೆ ಬರೀ ಸಿನಿಮಾ ಅಲ್ಲ ನೋಡಿ. ಅಲ್ಲೂರಿ ಸೀತಾರಾಮರಾಜು ಹೋರಾಡಿದ್ದು ಇದೇ ವಿಶಾಖದ ಬೆಟ್ಟಗಳಲ್ಲಿ. ನಾನು ರಾಯಚೂರಿನವನು, ರಾಜಮೌಳಿ ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲೇ ಅಂತ ಆಫೀಸಲ್ಲಿ ಕಾಲರ್ ಎತ್ತಿಕೊಂಡು ತಿರುಗಿದ್ದೆ.

ಸಮಾರಂಭದ ಶುರುವಿನಲ್ಲೇ ಪೋಷಕ ನಟಿ ಪ್ರಶಸ್ತಿ ಜೇಮಿ ಲೀ ಕರ್ಟಿಸ್‌ಗೆ ಹೋಯ್ತು. ಎರಡು ನಿಮಿಷಕ್ಕೆ ವಿಜಯವಾಡದಿಂದ ನನ್ನ ಬಾಮೈದನ ಫೋನ್.

“ಭಾವ, ನೀವು ಏಂಜೆಲಾ ಬ್ಯಾಸೆಟ್ ಅಂದಿದ್ರಲ್ಲ?”

“ಹೌದಪ್ಪ, ತಪ್ಪಾಯ್ತು. ಬಿಡು, ಹಾಡು ನೋಡೋಣ.”

ಆ ಕಡೆ ಸದ್ದಿಲ್ಲ. ಆಮೇಲೆ ಹೇಳಿದ. ಫೆಬ್ರವರಿ ಮೊದಲ ವಾರ ನಾನು ಹಾಕಿದ್ದ ವಿಡಿಯೊ ನೋಡಿ, ಸ್ನೇಹಿತನ ಯಾವುದೋ ಆ್ಯಪ್‌ನಲ್ಲಿ ಬ್ಯಾಸೆಟ್ ಮೇಲೆ 18 ಸಾವಿರ ಕಟ್ಟಿದ್ದಾನೆ. ಅದು ಕಾಲೇಜ್ ಫೀಸಿನ ದುಡ್ಡು. ಆಂಧ್ರದಲ್ಲಿ ಆನ್‌ಲೈನ್ ಬೆಟ್ಟಿಂಗ್ 2020ರಿಂದ ನಿಷೇಧ, ಅದು ಅವನಿಗೂ ಗೊತ್ತು. ಆದರೆ ಫಿಲಂ ಡಿಸ್ಟ್ರಿಬ್ಯೂಟರ್ ಆಫೀಸುಗಳಿರುವ ಗಾಂಧಿನಗರದ ಹತ್ತಿರ ಬೆಳೆದ ಹುಡುಗ, ಮೊದಲ ದಿನದ ಕಲೆಕ್ಷನ್ ಮೇಲೆ ಪಂದ್ಯ ಕಟ್ಟೋರನ್ನು ಚಿಕ್ಕಂದಿನಿಂದ ನೋಡಿದವನು. “ನೀವು ಶೇಕಡಾ 94 ಅಂದ್ರಿ ಭಾವ” ಅಂದ. ಅಂದಿದ್ದೆ. ಎಂಟೆಕ್ ಮಾಡಿ, ದಿನಾ ಡೇಟಾ ಜೊತೆ ಕೆಲಸ ಮಾಡೋನು ನಾನು, ಹಸಿರು ಬಣ್ಣದ ಪಟ್ಟಿ ಎಳೆದು ದೊಡ್ಡದಾಗಿ 94 ಅಂತ ಬರೆದಿದ್ದೆ.

ಆ 94 ಎಲ್ಲಿಂದ ಬಂತು ಅನ್ನೋದೇ ಇವತ್ತಿನ ವಿಷಯ.

ಜನವರಿ 10ಕ್ಕೆ ಗೋಲ್ಡನ್ ಗ್ಲೋಬ್, 15ಕ್ಕೆ ಕ್ರಿಟಿಕ್ಸ್ ಚಾಯ್ಸ್ ಪ್ರಶಸ್ತಿಗಳು ಬಂದಿದ್ದವು. ಎರಡರಲ್ಲೂ ಹಾಡಿಗೆ ‘ನಾಟು ನಾಟು’, ಪೋಷಕ ನಟಿಗೆ ಬ್ಯಾಸೆಟ್. ಒಂದೊಂದು ಪ್ರಶಸ್ತಿಯೂ ನಾಲ್ಕರಲ್ಲಿ ಮೂರು ಸಲ ಸರಿ ದಾರಿ ತೋರಿಸುತ್ತೆ ಅಂತ ನಾನು ಒಂದು ಅಂದಾಜು ಇಟ್ಟುಕೊಂಡೆ. ಅಂದ್ರೆ ತಪ್ಪುವ ಸಾಧ್ಯತೆ 0.25. ಎರಡೂ ಒಟ್ಟಿಗೆ ತಪ್ಪಬೇಕಾದ್ರೆ 0.25 ಇಂಟು 0.25, ಅಂದ್ರೆ ಸುಮಾರು 0.06. ನೂರರಲ್ಲಿ ಆರು ಕಳೆದ್ರೆ 94. ನೋಡೋಕೆ ಎಷ್ಟು ಚೆಂದದ ಲೆಕ್ಕ ಅಲ್ವಾ? ಪೂರ್ತಿ ತಪ್ಪು.

ಹೀಗೆ ಗುಣಿಸಬೇಕಾದ್ರೆ ಎರಡು ಸಾಕ್ಷಿಗಳೂ ಸ್ವತಂತ್ರವಾಗಿರಬೇಕು. ಬೀದಿಯಲ್ಲಿ ಅಪಘಾತ ಆಯ್ತು ಅನ್ಕೊಳ್ಳಿ. ಎದುರು ಬದುರು ಅಂಗಡಿಯ ಇಬ್ಬರು ತಾವೇ ಕಣ್ಣಾರೆ ನೋಡಿ ಒಂದೇ ಮಾತು ಹೇಳಿದ್ರೆ ಬೆಲೆ ಜಾಸ್ತಿ. ಒಬ್ಬ ಹೇಳಿದ್ದನ್ನು ಕೇಳಿಸಿಕೊಂಡು ಇನ್ನೊಬ್ಬ ಹೇಳಿದ್ರೆ ಅದು ಒಂದೂಕಾಲು ಸಾಕ್ಷಿ, ಅಷ್ಟೇ. ಗೋಲ್ಡನ್ ಗ್ಲೋಬ್‌ಗೆ ಆಗ ಮತ ಹಾಕ್ತಿದ್ದವರು ಸುಮಾರು ಇನ್ನೂರು ಜನ ಪತ್ರಕರ್ತರು. ಕ್ರಿಟಿಕ್ಸ್ ಚಾಯ್ಸ್‌ಗೆ ಆರುನೂರು ಚಿಲ್ಲರೆ ವಿಮರ್ಶಕರು ಮತ್ತು ಮನರಂಜನಾ ಪತ್ರಕರ್ತರು. ಇವರು ನೋಡೋ ಪ್ರದರ್ಶನ ಒಂದೇ, ಓದೋ ಪತ್ರಿಕೆ ಒಂದೇ. ಅದಕ್ಕಿಂತ ಮುಖ್ಯ ಏನಂದ್ರೆ, ಪತ್ರಕರ್ತರು ಅನ್ನೋ ಕಾರಣಕ್ಕೆ ಇವರಿಗೆ ಆಸ್ಕರ್‌ನಲ್ಲಿ ಮತವೇ ಇಲ್ಲ!

ಆಸ್ಕರ್‌ಗೆ ಮತ ಹಾಕೋರು ಅಕಾಡೆಮಿ ಸದಸ್ಯರು, ಆ ವರ್ಷ ಸುಮಾರು ಒಂಬತ್ತೂವರೆ ಸಾವಿರ ಜನ. ನಟರು, ನಿರ್ದೇಶಕರು, ಸಂಕಲನಕಾರರು, ಸಂಗೀತಗಾರರು ಹೀಗೆ ಬೇರೆ ಬೇರೆ ಶಾಖೆಗಳು. ಎಲ್ಲಕ್ಕಿಂತ ದೊಡ್ಡದು ನಟರ ಶಾಖೆ. ಹಾಗಾದ್ರೆ ನಟನೆ ಪ್ರಶಸ್ತಿ ಊಹಿಸೋಕೆ ಯಾರ ಕಡೆ ನೋಡಬೇಕು? ಹಾಲಿವುಡ್ ನಟರ ಸಂಘದ ಕಡೆ, ಅಂದ್ರೆ ಸ್ಯಾಗ್ ಪ್ರಶಸ್ತಿ. ಅಕಾಡೆಮಿಯಲ್ಲಿರೋ ನಟರಲ್ಲಿ ಬಹಳಷ್ಟು ಜನ ಈ ಸಂಘದಲ್ಲೂ ಇರ್ತಾರೆ. ಬ್ರಿಟನ್ನಿನ ಬಾಫ್ಟಾ ಸದಸ್ಯರಲ್ಲೂ ಹಲವರು ಅಕಾಡೆಮಿಯಲ್ಲಿದ್ದಾರೆ.

ಈಗ ಆ ವರ್ಷದ ತಾರೀಖುಗಳನ್ನು ನೋಡಿ. ಫೆಬ್ರವರಿ 19ಕ್ಕೆ ಬಾಫ್ಟಾ, ಪೋಷಕ ನಟಿ ಕೆರ್ರಿ ಕಾಂಡನ್. ಫೆಬ್ರವರಿ 26ಕ್ಕೆ ಸ್ಯಾಗ್, ಜೇಮಿ ಲೀ ಕರ್ಟಿಸ್. ಆಸ್ಕರ್ ಮತದಾನ ಮಾರ್ಚ್ 2ರಿಂದ 7. ಅಂದ್ರೆ ಮತ ಹಾಕೋ ಜನರೇ ಇರುವ ಎರಡೂ ಕಡೆ ಬ್ಯಾಸೆಟ್ ಸೋತಿದ್ರು, ಮತ ಇಲ್ಲದವರ ಎರಡು ಕಡೆ ಗೆದ್ದಿದ್ರು. ಜೊತೆಗೆ ಕರ್ಟಿಸ್ ಇದ್ದ ‘ಎವ್ರಿಥಿಂಗ್ ಎವ್ರಿವೇರ್ ಆಲ್ ಅಟ್ ಒನ್ಸ್’ ಅಷ್ಟರಲ್ಲಿ ನಿರ್ದೇಶಕರ ಸಂಘ, ನಿರ್ಮಾಪಕರ ಸಂಘ ಎರಡನ್ನೂ ಬಾಚಿಕೊಂಡಿತ್ತು, ಕೊನೆಗೆ ಏಳು ಆಸ್ಕರ್ ಗೆದ್ದಿತು. ಇದೆಲ್ಲ ಮಾರ್ಚ್ 1ಕ್ಕೇ ಎಲ್ಲರ ಕಣ್ಣೆದುರಿಗಿತ್ತು. ನಾನು ಪ್ರಾಜೆಕ್ಟ್ ರಿಲೀಸ್ ಗಡಿಬಿಡಿಯಲ್ಲಿದ್ದೆ, ಹಳೇ ವಿಡಿಯೊ ತಿದ್ದಲಿಲ್ಲ. ಯೂಟ್ಯೂಬ್‌ನಲ್ಲಿ 94 ಹಾಗೇ ಕೂತಿತ್ತು.

ಹಾಗಾದ್ರೆ ಅದೇ ಎರಡು ಪ್ರಶಸ್ತಿ ನಂಬಿದ ‘ನಾಟು ನಾಟು’ ಹೇಗೆ ಗೆತ್ತು? ಸ್ವಲ್ಪ ಅದೃಷ್ಟ, ಸ್ವಲ್ಪ ಬೇರೆ ಕಾರಣ. ಬಾಫ್ಟಾದಲ್ಲಿ ಹಾಡಿಗೆ ಪ್ರಶಸ್ತಿಯೇ ಇಲ್ಲ. ಸ್ಯಾಗ್ ಥರ ಮತದಾರರ ಮನಸ್ಸು ತೋರಿಸೋ ದೊಡ್ಡ ಸಂಘದ ಪ್ರಶಸ್ತಿಯೂ ಹಾಡಿಗಿಲ್ಲ. ಅಂದ್ರೆ ಎದುರು ಸಾಕ್ಷಿ ಹೇಳೋರು ಯಾರೂ ಇರಲಿಲ್ಲ. ಇನ್ನೊಂದು ವಿಷಯ, ಹಾಡುಗಳನ್ನು ನಾಮನಿರ್ದೇಶನ ಮಾಡೋದು ಸಂಗೀತ ಶಾಖೆ, ಕೊನೆಯ ಮತ ಹಾಕೋದು ಮಾತ್ರ ಎಲ್ಲ ಶಾಖೆಯವರೂ. ಸಂಗೀತ ಗೊತ್ತಿಲ್ಲದ ಸಂಕಲನಕಾರನೂ ಮತ ಹಾಕ್ತಾನೆ. ಅವನಿಗೆ ನೆನಪಿರೋದು ಸಿನಿಮಾದ ನಡುವೆ, ಕಥೆಯ ಒಳಗೆ, ಕೀವ್ ನಗರದ ಅರಮನೆ ಮುಂದೆ ಇಬ್ಬರು ಕುಣಿದದ್ದು. ಎದುರಿಗೆ ರಿಹಾನ್ನಾ, ಲೇಡಿ ಗಾಗಾ ಇಬ್ಬರೂ ಇದ್ದರು. ದೊಡ್ಡ ಹೆಸರಿಗೆ ಬೀಳೋ ಮತ ಅಲ್ಲೇ ಇಬ್ಭಾಗ ಆಗಿರಬೇಕು ಅಂತ ನನ್ನ ಅನಿಸಿಕೆ. ಯಾಕಂದ್ರೆ ಈ ವಿಭಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬೇಕಿಲ್ಲ, ಉಳಿದ ನಾಲ್ವರಿಗಿಂತ ಹೆಚ್ಚಿದ್ರೆ ಸಾಕು. ಒಂಬತ್ತೂವರೆ ಸಾವಿರ ಮತ ಐವರಿಗೆ ಹಂಚಿದ್ರೆ ತಲಾ 1,900. ಮತ ಸಮಸಮ ಹರಡಿದ್ರೆ 1,901ಕ್ಕೂ ಗೆಲ್ಲಬಹುದು. ಇಷ್ಟು ಸಣ್ಣ ಅಂತರದ ಆಟದಲ್ಲಿ 94 ಅಂತ ಬರೆಯೋಕೆ ಧೈರ್ಯ ಬೇಕು. ಅಥವಾ ದಡ್ಡತನ.

ಅತ್ಯುತ್ತಮ ಚಿತ್ರ ಪ್ರಶಸ್ತಿಯ ಎಣಿಕೆ ಮಾತ್ರ ಬೇರೆ. ನಮ್ಮ ಅಪಾರ್ಟ್‌ಮೆಂಟಿನ ನೂರು ಜನ ಭಾನುವಾರದ ಟಿಫನ್‌ಗೆ ಮತ ಹಾಕಿದ್ರು ಅನ್ಕೊಳ್ಳಿ. ಪೆಸರಟ್ಟು 40, ಇಡ್ಲಿ 35, ಪೂರಿ 25. ಮಾಮೂಲಿ ಲೆಕ್ಕದಲ್ಲಿ ಪೆಸರಟ್ಟು ಗೆಲ್ತು. ಆದರೆ ಇಲ್ಲಿ ಪ್ರತಿಯೊಬ್ಬರೂ ಒಂದು, ಎರಡು, ಮೂರು ಅಂತ ಕ್ರಮ ಬರೆದಿರ್ತಾರೆ. ಯಾರಿಗೂ 50 ದಾಟಿಲ್ಲ, ಹಾಗಾಗಿ ಕೊನೆಯ ಪೂರಿ ಔಟ್. ಪೂರಿಯವರ ಎರಡನೇ ಆಯ್ಕೆ ನೋಡಿದ್ರೆ 20 ಜನಕ್ಕೆ ಇಡ್ಲಿ, 5 ಜನಕ್ಕೆ ಪೆಸರಟ್ಟು. ಈಗ ಇಡ್ಲಿ 55, ಪೆಸರಟ್ಟು 45. ಗೆದ್ದಿದ್ದು ಇಡ್ಲಿ. ಅಂದ್ರೆ ಕೆಲವರು ಪ್ರಾಣ ಬಿಡೋ ಸಿನಿಮಾಗಿಂತ ಯಾರಿಗೂ ಬೇಡ ಅನ್ನಿಸದ ಸಿನಿಮಾಗೆ ಇಲ್ಲಿ ಅನುಕೂಲ. 2022ರಲ್ಲಿ 12 ನಾಮನಿರ್ದೇಶನ ಇದ್ದ ‘ದಿ ಪವರ್ ಆಫ್ ದಿ ಡಾಗ್’ ಸೋತು, ಮೂರೇ ಇದ್ದ ‘ಕೋಡಾ’ ಗೆದ್ದದ್ದನ್ನು ಇದೇ ಕಣ್ಣಿಂದ ನೋಡಿ.

ನಿರ್ಮಾಪಕರ ಸಂಘವೂ ಇದೇ ಕ್ರಮದಲ್ಲಿ ಎಣಿಸುತ್ತೆ, ಅದಕ್ಕೇ ಅದು ಒಳ್ಳೆ ಸೂಚಕ. 2010ರಿಂದ 2025ರವರೆಗಿನ 16 ಸಮಾರಂಭಗಳಲ್ಲಿ ಅವರು ಆರಿಸಿದ ಚಿತ್ರ 13 ಸಲ ಆಸ್ಕರ್ ಗೆದ್ದಿದೆ (2014ರಲ್ಲಿ ಅವರು ಪ್ರಶಸ್ತಿಯನ್ನು ಎರಡು ಚಿತ್ರಕ್ಕೆ ಹಂಚಿದ್ರು, ಅದನ್ನೂ ಸರಿ ಅಂತಲೇ ಹಿಡಿದಿದ್ದೇನೆ). ತಪ್ಪಿದ್ದು ‘ದಿ ಬಿಗ್ ಶಾರ್ಟ್’, ‘ಲಾ ಲಾ ಲ್ಯಾಂಡ್’, ‘1917’. ಶೇಕಡಾ 81. ಕೇಳೋಕೆ ಭಾರಿ ಅನ್ಸುತ್ತೆ. ಆದರೆ ಆ ಮೂರೂ ತಪ್ಪು 2016ರಿಂದ 2020ರ ಐದು ವರ್ಷದೊಳಗೇ ಬಂದವು. ಆ ಕಾಲದಲ್ಲಿ ಇದನ್ನೇ ನಂಬಿ ಕೂತವನಿಗೆ ಐದಕ್ಕೆ ಎರಡೇ ಸರಿ.

ನಿರ್ದೇಶಕರ ಸಂಘದ ದಾಖಲೆ ಇನ್ನೂ ಗಟ್ಟಿ. 1948ರಿಂದ ಈಚೆಗೆ ಅವರ ಆಯ್ಕೆಗೂ ಆಸ್ಕರ್ ನಿರ್ದೇಶಕ ಪ್ರಶಸ್ತಿಗೂ ತಾಳೆ ಆಗದ್ದು ಎಂಟೇ ಸಲ. ಅದರಲ್ಲೂ ಸ್ಪೀಲ್‌ಬರ್ಗ್, ರಾನ್ ಹೋವರ್ಡ್, ಬೆನ್ ಅಫ್ಲೆಕ್ ಮೂವರಿಗೆ ಆಯಾ ವರ್ಷ ಆಸ್ಕರ್ ನಾಮನಿರ್ದೇಶನವೇ ಸಿಕ್ಕಿರಲಿಲ್ಲ.

ಸ್ಯಾಗ್ ಸಿಕ್ಕಿದ ಮೇಲೆ ಎಲ್ಲಾ ಮುಗೀತು ಅನ್ಕೋಬೇಡಿ. 2024ರಲ್ಲಿ ಲಿಲಿ ಗ್ಲ್ಯಾಡ್‌ಸ್ಟೋನ್ ಸ್ಯಾಗ್ ಗೆದ್ದರು, ಆಸ್ಕರ್ ಎಮ್ಮಾ ಸ್ಟೋನ್‌ಗೆ. 2025ರಲ್ಲಿ ಡೆಮಿ ಮೂರ್ ಗ್ಲೋಬ್, ಕ್ರಿಟಿಕ್ಸ್ ಚಾಯ್ಸ್, ಸ್ಯಾಗ್ ಮೂರನ್ನೂ ಗೆದ್ದು, ಬಾಫ್ಟಾ ಗೆದ್ದಿದ್ದ ಮೈಕಿ ಮ್ಯಾಡಿಸನ್ ಎದುರು ಸೋತರು.

ನಮ್ಮ ರಾಷ್ಟ್ರ ಪ್ರಶಸ್ತಿಗೂ ಊಹೆ ಮಾಡಿ ಅಂತ ಕಾಮೆಂಟ್‌ನಲ್ಲಿ ಕೇಳ್ತಾನೇ ಇರ್ತೀರಿ. ಮಾಡಲ್ಲ. ಅಲ್ಲಿ ಸಾವಿರಾರು ಮತ ಇಲ್ಲ, ಕೋಣೆಯೊಳಗೆ ಕೂತು ಚರ್ಚಿಸೋ ಕೆಲವೇ ಜನರ ಜ್ಯೂರಿ. ನಾಮನಿರ್ದೇಶನದ ಪಟ್ಟಿ ಹೊರಗೆ ಬರಲ್ಲ, ಯಾರು ಸ್ಪರ್ಧೆಯಲ್ಲಿದ್ದಾರೆ ಅಂತಲೇ ನಮಗೆ ಗೊತ್ತಿರಲ್ಲ. 2024ರ ಆಗಸ್ಟ್‌ನಲ್ಲಿ ‘ಕಾಂತಾರ’ಕ್ಕೆ ರಿಷಬ್ ಶೆಟ್ಟಿ ಅವರಿಗೆ ನಟ ಪ್ರಶಸ್ತಿ ಬಂದಾಗ ನೆನಪಿದೆಯಲ್ಲ? ಅದಕ್ಕೂ ಮೊದಲು ಮಮ್ಮೂಟ್ಟಿಯೋ ರಿಷಬ್ಬೋ ಅಂತ ದೊಡ್ಡ ಚರ್ಚೆ. ಮಮ್ಮೂಟ್ಟಿ ಅವರ ಸಿನಿಮಾ ಸ್ಪರ್ಧೆಗೆ ಸಲ್ಲಿಕೆಯೇ ಆಗಿರಲಿಲ್ಲ ಅಂತ ದಕ್ಷಿಣ ಭಾಗದ ಜ್ಯೂರಿಯಲ್ಲಿದ್ದವರೊಬ್ಬರು ಆಮೇಲೆ ಹೇಳಿದರು. ಓಟದಲ್ಲೇ ಇಲ್ಲದ ಕುದುರೆಗೆ ಶೇಕಡಾವಾರು ಹಾಕೋದು ಹೇಗೆ?

ಈಗ ನನಗೆ ನಾನೇ ಅಂಕ ಕೊಟ್ಟುಕೊಳ್ಳೋ ವಿಧಾನ ಹೇಳ್ತೀನಿ. ಇದಕ್ಕೆ ಬ್ರಯರ್ ಸ್ಕೋರ್ ಅಂತಾರೆ. ಹೇಳಿದ ಸಾಧ್ಯತೆಗೂ ಆದದ್ದಕ್ಕೂ ಇರೋ ವ್ಯತ್ಯಾಸದ ವರ್ಗ, ಅಷ್ಟೇ. ಆದ್ರೆ 1, ಆಗದಿದ್ರೆ 0. ‘ನಾಟು ನಾಟು’ಗೆ 0.94 ಅಂದೆ, ಗೆತ್ತು. ವ್ಯತ್ಯಾಸ 0.06, ವರ್ಗ 0.0036. ಬ್ಯಾಸೆಟ್‌ಗೂ 0.94 ಅಂದೆ, ಸೋತರು. ವರ್ಗ 0.88. ಕಡಿಮೆ ಇದ್ದಷ್ಟೂ ಒಳ್ಳೇದು. ನಾಣ್ಯ ಚಿಮ್ಮಿ ಎರಡಕ್ಕೂ 0.5 ಅಂದಿದ್ರೆ ತಲಾ 0.25. ಎರಡನ್ನೂ ಕೂಡಿ ಸರಾಸರಿ ತೆಗೆದ್ರೆ ನನ್ನದು 0.44, ನಾಣ್ಯದ್ದು 0.25. ಎಂಟೆಕ್‌ಗಿಂತ ನಾಣ್ಯ ವಾಸಿ! ಎರಡಕ್ಕೂ 0.6 ಅಂದಿದ್ರೆ? 0.16 ಮತ್ತು 0.36, ಸರಾಸರಿ 0.26. ನಾಣ್ಯದ ಪಕ್ಕಕ್ಕಾದ್ರೂ ಬರ್ತಿದ್ದೆ.

ಆ ವಾರದ ಕೊನೆಗೆ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿ ವಿಜಯವಾಡಕ್ಕೆ ಹೋದೆ. ಮಾವನವರಿಗೆ ನಾನೇ ಹೇಳಿದೆ, ಫೀಸೂ ಕಟ್ಟಿದೆ. ಮಾವ ಬಯ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ: “94 ಅಂದ್ರೆ ಆರು ಸಲ ತಪ್ಪುತ್ತೆ ಅಂತ ವಿಡಿಯೊದಲ್ಲಿ ಹೇಳಿದ್ರಾ ಅಳಿಯಂದ್ರೇ?” ಹೇಳಿರಲಿಲ್ಲ. ಬಾಮೈದ ನೆಲ ನೋಡ್ತಾ ಕೂತಿದ್ದ. ಪಕ್ಕದ ಮನೆ ಟಿವಿಯಲ್ಲಿ ಕೀರವಾಣಿ, ಚಂದ್ರಬೋಸ್ ಪ್ರಶಸ್ತಿ ಹಿಡಿದು ನಿಂತದ್ದನ್ನು ಹತ್ತನೇ ಸಲ ತೋರಿಸ್ತಿದ್ರು.

ಹಳೇ ವಿಡಿಯೊ ತೆಗೆದಿಲ್ಲ, ಮೇಲೆ ಕೆಂಪಕ್ಷರದ ತಿದ್ದುಪಡಿ ಅಂಟಿಸಿದ್ದೇನೆ. ಈ ಸಲದ ಪಟ್ಟಿಯನ್ನು ನಾಮನಿರ್ದೇಶನ ಬಂದ ವಾರವೇ ಹಾಕ್ತೀನಿ. ಸ್ಯಾಗ್ ಮತ್ತು ಬಾಫ್ಟಾ ಮುಗಿಯೋವರೆಗೂ ನಟನೆಯ ನಾಲ್ಕು ವಿಭಾಗಗಳ ಮುಂದೆ ಅಂಕಿ ಇರಲ್ಲ, ಖಾಲಿ ಬಿಟ್ಟಿರ್ತೀನಿ. ಯಾಕೆ ಖಾಲಿ ಅಂತ ಕಾಮೆಂಟ್‌ನಲ್ಲಿ ಕೇಳೋರಿಗೆ ಈ ಬರಹದ ಕೊಂಡಿ ಕೊಡ್ತೀನಿ.